ಮೂರನೇ ಮಹಡಿಯ ಮೊಣಕಾಲು

ಕ್ಯಾಪ್ಟನ್ ಅವತ್ತು ಬೆಳಿಗ್ಗೆ ನೋವಿನ ಮಾತ್ರೆ ನುಂಗಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲವೇನೋ. ಮಾತ್ರೆ ಅಂಗೈಯಲ್ಲಿತ್ತು, ನೀರಿನ ಲೋಟ ಇನ್ನೊಂದು ಕೈಯಲ್ಲಿತ್ತು. ಅಷ್ಟರಲ್ಲಿ ಹೆಂಡತಿಯ ತಮ್ಮ ಬಂದವನೇ ಮಾತ್ರೆ ಕಸಿದು ಜೇಬಿಗೆ ಹಾಕಿಕೊಂಡ.

"ಭಾವ, ತಲೆ ನೆಟ್ಟಗಿದೆಯಾ ನಿಮಗೆ? ಅಪೀಲಿನ ದಿನ ಯಾರಾದ್ರೂ ನೋವು ಕಮ್ಮಿ ಮಾಡ್ಕೋತಾರಾ? ನೋವು ಮುಖದ ಮೇಲೆ ಕಾಣ್ಬೇಕು."

ಈ ಭಾಮೈದನನ್ನು ಬೀದಿಯವರೆಲ್ಲ ಲಾಯರ್ ಎಂದು ಕರೆಯುತ್ತಿದ್ದರು. ಓದಿದ್ದು ಕಾನೂನಲ್ಲ, ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದ ಅಷ್ಟೆ. ಹಾಗೆ ನೋಡಿದರೆ ಕ್ಯಾಪ್ಟನ್ ಕೂಡ ಕ್ಯಾಪ್ಟನ್ ಅಲ್ಲ. ಸೈನ್ಯದಲ್ಲಿ ಲಾರಿಗೆ ಮದ್ದುಗುಂಡಿನ ಪೆಟ್ಟಿಗೆ ಹೇರಿ ಇಳಿಸುತ್ತಿದ್ದವನು. ಒಂದು ದಿನ ಪೆಟ್ಟಿಗೆ ಜಾರಿ ಎಡ ಮೊಣಕಾಲಿನ ಮೇಲೆ ಬಿತ್ತು. ಅಂದಿನಿಂದ ಆ ಮೊಣಕಾಲು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಅಂಗವಿಕಲ ಪಿಂಚಣಿ ಕೊಡಿ ಅಂದರೆ, ಈ ಪೆಟ್ಟು ಸೈನ್ಯದಲ್ಲೇ ಆಯಿತು ಅನ್ನುವುದಕ್ಕೆ ಏನು ಗ್ಯಾರಂಟಿ ಎಂದು ಇಲಾಖೆಯವರು ಅರ್ಜಿ ತಳ್ಳಿಹಾಕಿದ್ದರು.

ಈಗ ಬಟ್ಟೆ ಅಂಗಡಿಯ ಬಾಗಿಲಲ್ಲಿ ಕಾವಲು. ದಿನವಿಡೀ ನಿಂತೇ ಇರಬೇಕು. ಸ್ಟೂಲು ಕೇಳಿದರೆ ಮಾಲೀಕ, "ಕೂತಿರೋ ಕಾವಲುಗಾರನ್ನ ನೋಡಿ ಕಳ್ಳ ಹೆದರ್ತಾನೇನಯ್ಯ" ಅನ್ನುತ್ತಿದ್ದ. ಇವತ್ತು ಪಿಂಚಣಿ ಬೋರ್ಡಿನ ಮುಂದಿರುವ ಅಪೀಲು ಗೆದ್ದರೆ ಆ ಬಾಗಿಲಿಗೊಂದು ದೊಡ್ಡ ನಮಸ್ಕಾರ ಹಾಕಿ ಮನೆಯಲ್ಲಿ ಕಾಲು ಚಾಚಿ ಕೂರಬಹುದು. ಅವನಿಗೆ ಬೇಕಾಗಿದ್ದದ್ದು ಅಷ್ಟೇ, ಕೂರುವುದು.

"ಹೋಗೋದೇ ಬೇಡ ಅನ್ಸತ್ತೆ ಕಣೋ," ಎಂದ ಕ್ಯಾಪ್ಟನ್. "ಆ ಕಚೇರಿ ಮೂರನೇ ಮಹಡಿಲಿದೆ. ಆಸ್ಪತ್ರೆ ಕಾಗದ ಎಲ್ಲಾ ಕೊಟ್ಟಾಗಿದೆಯಲ್ಲ."

"ಹೋಗ್ದಿದ್ರೆ ಗೈರುಹಾಜರಿ. ಗೈರುಹಾಜರಿ ಅಂದ್ರೆ ಕೇಸು ವಜಾ. ಕಾನೂನು ಭಾವ ಇದು, ನಾನು ದಿನಾ ನೋಡ್ತೀನಿ."

"ಅವನು ಹೇಳೋದನ್ನ ಒಂದು ಸಲನಾದ್ರೂ ಕೇಳ್ರೀ," ಎಂದಳು ಹೆಂಡತಿ ಒಳಗಿನಿಂದ. ತಮ್ಮನ ಮಾತೆಂದರೆ ಆಕೆಗೆ ಮುಗಿದೇ ಹೋಯಿತು.

ಗಲಾಟೆ ಕೇಳಿ ಪಕ್ಕದ ಮನೆಯ ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದ. ಬೀದಿಯಲ್ಲಿ ಯಾರ ಮನೆಯ ವಿಷಯಕ್ಕೂ ಅವನ ಮೂಗು ತೂರದೆ ಇರುತ್ತಿರಲಿಲ್ಲ. "ಅಲ್ಲಿ ಕೂರೋಕೆ ಬೆಂಚು ಇರುತ್ತೋ ಇಲ್ವೋ, ಒಂದು ಕುರ್ಚಿ ತಗೊಂಡ್ ಹೋಗೋಣ," ಎಂದ. ಹೀಗೆ ಕ್ಯಾಪ್ಟನ್, ಲಾಯರ್, ಟೈಲರ್ ಮತ್ತು ಊಟದ ಮೇಜಿನ ಕುರ್ಚಿ ನಾಲ್ಕೂ ಒಂದೇ ಆಟೋದಲ್ಲಿ ಹೊರಟವು.

ಕಚೇರಿಯಲ್ಲಿ ಲಿಫ್ಟ್ ಇತ್ತು. ಲಿಫ್ಟಿನ ಮುಂದೆ ಜವಾನ ಇದ್ದ.

"ಲಿಫ್ಟು ಅಂಗವಿಕಲರಿಗೆ ಮಾತ್ರ. ಸರ್ಟಿಫಿಕೇಟ್ ತೋರ್ಸಿ."

"ಅದನ್ನ ತರೋಕೇ ಮೇಲಕ್ಕೆ ಹೋಗ್ತಿರೋದಪ್ಪ," ಎಂದ ಕ್ಯಾಪ್ಟನ್.

"ತಗೊಂಡ್ ಬನ್ನಿ. ಆಮೇಲೆ ಹತ್ತಿಸ್ತೀನಿ."

ಕ್ಯಾಪ್ಟನ್ನನ ಪಿತ್ತ ನೆತ್ತಿಗೇರಿತು. ಆದರೆ ಲಾಯರ್ ಮುಖ ಅರಳಿತು. "ಒಳ್ಳೇದೇ ಆಯ್ತು ಬಿಡಿ. ಕೂತ್ಕೊಳ್ಳಿ ಭಾವ, ಕುರ್ಚಿ ಸಮೇತ ಹೊತ್ಕೊಂಡ್ ಹೋಗ್ತೀವಿ. ನೋಡಿದ್ರೆ ಬೋರ್ಡಿನೋರ ಕರುಳು ಚುರುಕ್ ಅನ್ಬೇಕು."

ಬೇಡ ಬೇಡ ಅನ್ನುತ್ತಿದ್ದಂತೆಯೇ ಕುರ್ಚಿ ನೆಲ ಬಿಟ್ಟಿತು. ಮೊದಲ ಮಹಡಿಯಲ್ಲಿ ಒಬ್ಬ ಗುಮಾಸ್ತ ಗೋಡೆಗೆ ಒರಗಿ ದಾರಿ ಬಿಟ್ಟು, "ಪಾಪ, ಯಾವಾಗ ಹೋದ್ರು?" ಎಂದು ಟೈಲರನ್ನು ಮೆಲ್ಲಗೆ ಕೇಳಿದ.

"ಇನ್ನೂ ಹೋಗಿಲ್ಲ," ಎಂದ ಕ್ಯಾಪ್ಟನ್.

ಎರಡನೇ ಮಹಡಿ ದಾಟಿ ಅರ್ಧ ಮೆಟ್ಟಿಲು ಹತ್ತಿದ್ದರು. ಲಾಯರ್ ಸೊಂಟದೊಳಗೆ ಏನೋ ಕಟಕ್ಕೆಂದಿತು. ಕುರ್ಚಿ ಒಂದು ಕಡೆ, ಕ್ಯಾಪ್ಟನ್ ಒಂದು ಕಡೆ ಬಿದ್ದರು. ಲಾಯರ್ ಮೆಟ್ಟಿಲ ಮೇಲೆ ಅಂಗಾತ ಬಿದ್ದು, "ಅಯ್ಯೋ, ನನ್ನ ಕಥೆ ಮುಗೀತು ಭಾವ" ಎಂದು ನರಳತೊಡಗಿದ.

"ಮೇಲೆ ಬೋರ್ಡಲ್ಲಿ ಡಾಕ್ಟರಿದ್ದಾರೆ," ಎಂದ ಟೈಲರ್, ತನ್ನ ಕೈಕಾಲು ತಡಕುತ್ತಾ.

ಬಿದ್ದವನನ್ನು ಬಿಟ್ಟು ಹೋಗಬಾರದು, ಹೆಗಲ ಮೇಲೆ ಹಾಕಿಕೊಂಡು ನಡೆಯಬೇಕು. ಸೈನ್ಯದಲ್ಲಿ ವರ್ಷಗಟ್ಟಲೆ ಇದನ್ನೇ ರುಬ್ಬಿ ರುಬ್ಬಿ ಕಲಿಸಿದ್ದರು. ಕ್ಯಾಪ್ಟನ್ ಯೋಚಿಸಲಿಲ್ಲ, ಯೋಚಿಸಿದ್ದರೆ ಚೆನ್ನಾಗಿತ್ತು. ಭಾಮೈದನನ್ನು ಅಕ್ಕಿ ಮೂಟೆಯ ಹಾಗೆ ಎತ್ತಿ ಹೆಗಲಿಗೇರಿಸಿದ, ಉಳಿದ ಮೆಟ್ಟಿಲುಗಳನ್ನು ದಡದಡ ಹತ್ತಿದ, ಮೊಣಕಾಲಿನಲ್ಲಿ ಬೆಂಕಿ ಹತ್ತಿಕೊಂಡಿದ್ದರೂ ಸೀದಾ ಬೋರ್ಡಿನ ಕೋಣೆಗೆ ನುಗ್ಗಿದ. ಎದುರಿಗೆ ಕೂತ ಅಧ್ಯಕ್ಷರು ಹಳೇ ಸೇನಾಧಿಕಾರಿ ಅನ್ನುವುದು ಮೀಸೆಯಲ್ಲೇ ಗೊತ್ತಾಗುತ್ತಿತ್ತು. ಹೆಗಲ ಮೇಲೆ ಲಾಯರ್ ಇದ್ದಂತೆಯೇ ಕ್ಯಾಪ್ಟನ್ ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆದ.

ಡಾಕ್ಟರು ಎದ್ದು ಲಾಯರನ್ನು ಬೆಂಚಿನ ಮೇಲೆ ಮಲಗಿಸಿಕೊಂಡರು. ಅಧ್ಯಕ್ಷರು ಫೈಲು ನೋಡಿದರು, ಕ್ಯಾಪ್ಟನ್ನನನ್ನು ನೋಡಿದರು, ಮತ್ತೆ ಫೈಲು ನೋಡಿದರು.

"ಮೊಣಕಾಲಿನ ಕೇಸು ನಿಮ್ಮದೇನಾ?"

"ಹೌದು ಸರ್."

"ಪೆಟ್ಟು ಸೈನ್ಯದಲ್ಲೇ ಆಗಿದ್ದು ಅಂತ ಒಪ್ಪಿದೀವಿ. ಆಸ್ಪತ್ರೆ ಕಾಗದ ಓದಿ ನಿನ್ನೇನೇ ಬೋರ್ಡಿನ ಮೂರೂ ಜನ ಪಿಂಚಣಿ ಕೊಡೋಣ ಅಂತ ತೀರ್ಮಾನ ಮಾಡಿದ್ವಿ. ಓಡಾಡೋಕೆ ಆಗದೋರು ಬರಬೇಕಾಗಿಲ್ಲ, ನಾವು ಕಾಗದ ನೋಡಿಯೇ ತೀರ್ಪು ಕೊಡೋದು. ನೀವ್ಯಾಕ್ರೀ ಬಂದ್ರಿ?"

ಕ್ಯಾಪ್ಟನ್ ಬೆಂಚಿನ ಕಡೆ ನೋಡಿದ. ಲಾಯರ್ ಕಣ್ಣು ಮುಚ್ಚಿಕೊಂಡ.

"ಸರ್, ಈಗ ನಿಜವಾಗ್ಲೂ ಪ್ರಾಣ ಹೋಗ್ತಿದೆ ಸರ್ ಕಾಲಲ್ಲಿ."

"ಇರಬಹುದು. ಆದ್ರೆ ಒಬ್ಬ ದಪ್ಪ ಮನುಷ್ಯನ್ನ ಹೊತ್ಕೊಂಡು ಮೂರನೇ ಮಹಡಿ ಹತ್ತಿ ಬಂದೋರನ್ನ ಅಂಗವಿಕಲ ಅಂತ ನಾನು ಹೇಗೆ ಬರೀಲಿ? ಕಣ್ಣಾರೆ ನೋಡ್ಬಿಟ್ನಲ್ಲ." ಅವರಿಗೂ ಬೇಜಾರಾಗಿತ್ತು. "ಮೇಲಿನ ಬೋರ್ಡಿಗೆ ಇನ್ನೊಂದು ಅಪೀಲು ಹಾಕ್ಕೊಳ್ಳಿ."

"ಅದೆಲ್ಲಿದೆ ಸರ್?"

"ಐದನೇ ಮಹಡಿ."

ಅಷ್ಟರಲ್ಲಿ ಡಾಕ್ಟರು ಲಾಯರ್ ಕೈಗೆ ಒಂದು ಚೀಟಿ ಕೊಟ್ಟು ಜವಾನನನ್ನು ಕರೆಸಿದರು. ನಡೆಯಲು ಅಸಮರ್ಥ, ಲಿಫ್ಟ್ ಬಳಸಬಹುದು ಎಂದು ಅದರಲ್ಲಿ ಬರೆದಿತ್ತು. ಜವಾನ ಚೀಟಿಗೆ ತಲೆಬಾಗಿ ಲಾಯರನ್ನು ಲಿಫ್ಟಿನೊಳಗೆ ಕೂರಿಸಿದ. ರೋಗಿಯ ಜೊತೆಗೆ ಒಬ್ಬರು ಹೋಗಬಹುದಿತ್ತು, ಟೈಲರ್ ಆಗಲೇ ಒಳಗೆ ನಿಂತಿದ್ದ.

ಕ್ಯಾಪ್ಟನ್ ಗೋಡೆ ಹಿಡಿದು ಕುಂಟುತ್ತಾ ಬಂದ. ಬೈಯಲೂ ತ್ರಾಣವಿರಲಿಲ್ಲ. "ನನ್ನ ಮಾತ್ರೆನಾದ್ರೂ ಕೊಡೋ ಮಾರಾಯ."

"ತಡೆಯೋಕಾಗ್ಲಿಲ್ಲ ಭಾವ, ನಾನೇ ನುಂಗ್ಬಿಟ್ಟೆ," ಎಂದ ಲಾಯರ್. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. "ಬರ್ತಾ ಕುರ್ಚಿ ಮರೀಬೇಡಿ. ಅಕ್ಕ ಬೈತಾಳೆ."

ಕುರ್ಚಿ ಮೆಟ್ಟಿಲ ಮೇಲೆ ಬಿದ್ದಲ್ಲೇ ಇತ್ತು. ಅದರ ಒಂದು ಕಾಲು ಮುರಿದಿತ್ತು, ಕೂರುವ ಹಾಗಿರಲಿಲ್ಲ. ಕ್ಯಾಪ್ಟನ್ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ಅಂಗಡಿಯ ಬಾಗಿಲಲ್ಲಿ ನಿಲ್ಲುವ ಹೊತ್ತಾಗಿತ್ತು.