ವಾರಗಿತ್ತಿಯ ಹೆಡ್‌ಫೋನು, ನನ್ನ ವಿಷಲ್

ಹೊಟ್ಟೆಕಿಚ್ಚು ಪಡಬೇಕೆಂದು ನಾನು ಎಲ್ಲಿಗೂ ಹುಡುಕಿಕೊಂಡು ಹೋಗುವುದಿಲ್ಲ. ಅದೇ ದಿನಾ ಬೆಳಿಗ್ಗೆ ಐದೂಮುಕ್ಕಾಲಿಗೆ ಶೂ ಹಾಕಿಕೊಂಡು ನಮ್ಮ ಮಹಡಿ ಮೆಟ್ಟಿಲು ಇಳಿದು ಬರುತ್ತದೆ. ಮಹಡಿಯಲ್ಲಿರುವುದು ನನ್ನ ಮೈದುನನ ಹೆಂಡತಿ, ಅಂದರೆ ನನ್ನ ವಾರಗಿತ್ತಿ. ಕೆಳಗೆ ನಾನು, ನಮ್ಮನೆಯವರು, ಅತ್ತೆ.

ಜೆ.ಪಿ. ನಗರದ ನಮ್ಮ ಬೀದಿಗಳಲ್ಲಿ ಹೆಂಗಸರದ್ದೊಂದು ಓಟದ ಗುಂಪಿದೆ. ಹೈಸ್ಕೂಲಿನಲ್ಲಿ ಪಿ.ಟಿ. ಮಿಸ್ ಆಗಿರುವ ನಾನೇ ಅದನ್ನು ಶುರುಮಾಡಿದ್ದು. ಗುಂಪಿನ ವಿಷಲ್ ನನ್ನ ಕೊರಳಲ್ಲಿ, ತಾಳಿಯ ಪಕ್ಕದಲ್ಲೇ ಇರುತ್ತದೆ. ಹೋದ ವರ್ಷ ವಾರಗಿತ್ತಿ ಗುಂಪಿಗೆ ಸೇರಿದಳು. ಅಲ್ಲಿಂದ ಇಂಥವೇ ನಡೆಯುತ್ತಿವೆ.

ಜಾರಿದ ಹೆಡ್‌ಫೋನು

ಒಂದು ದಿನ ಅವಳು ಪಾರ್ಕಿನ ಗೇಟಿಗೆ ಬಂದಾಗ ಹೆಡ್‌ಫೋನು ಕಿವಿಯೊಳಗಿರದೆ ಕೆನ್ನೆಯ ಮೇಲಿತ್ತು. ಸಿಕ್ಕಿದಳು ಎಂದುಕೊಂಡು, ಎಲ್ಲರಿಗೂ ಕೇಳುವ ಹಾಗೆ, ಅದನ್ನು ಸರಿಯಾಗಿ ಹಾಕಿಕೊಳ್ಳಲೂ ಬರುವುದಿಲ್ಲವೇ ಎಂದೆ.

ಅವಳು ನಕ್ಕಳು. "ಅಕ್ಕ, ಇದು ಹಾಕ್ಕೊಳೋದೇ ಹೀಗೆ. ಹಾಡು ಮೂಳೆಯಿಂದ ಒಳಗೆ ಹೋಗುತ್ತೆ. ಕಿವಿ ಖಾಲಿ ಇರುತ್ತಲ್ಲ, ಗಾಡಿ ಬಂದ್ರೂ ಗೊತ್ತಾಗುತ್ತೆ."

ಹದಿನಾಲ್ಕು ಹೆಂಗಸರು ಸಾಲಾಗಿ ನಿಂತು ಅದನ್ನು ತಮ್ಮ ತಮ್ಮ ಕೆನ್ನೆಗೆ ಒತ್ತಿ ನೋಡಿದರು. ಶಾಲೆಯಲ್ಲಿ ಇಷ್ಟು ನೇರವಾದ ಸಾಲು ನಿಲ್ಲಿಸಲು ನನಗೆ ಅರ್ಧ ಗಂಟೆ ಬೇಕು. ನಾನು ವಿಷಲ್ ಊದಿ ಕೈಕಾಲು ಆಡಿಸಿ ಎಂದರೂ ಯಾರೂ ತಿರುಗಲಿಲ್ಲ. ಅವತ್ತು ವಾರ್ಮಪ್ ಆದದ್ದು ನನ್ನ ಹೊಟ್ಟೆಗೆ ಮಾತ್ರ.

ಅತ್ತೆಗೊಂದು ಕಾಲ

ನಮ್ಮ ಅತ್ತೆಗೆ ಕಿವಿ ಮಂದ. ಕಿವಿಗೆ ಮೆಷಿನ್ ಹಾಕಿಸೋಣ ಎಂದರೆ, ಅದು ವಯಸ್ಸಾದವರಿಗೆ ಎನ್ನುತ್ತಾರೆ. ಅವರಿಗೀಗ ಎಪ್ಪತ್ತೆಂಟು. ಆದ್ದರಿಂದ ಹದಿನೈದು ವರ್ಷದಿಂದ ಕಾಫಿ ಬೇಕೇ, ಮಾತ್ರೆ ತಗೊಂಡಿರಾ ಎಂದು ಕಿರುಚುತ್ತಾ ಬಂದವಳು ನಾನು.

ಒಂದು ಮಧ್ಯಾಹ್ನ ವಾರಗಿತ್ತಿ ತನ್ನ ಹೆಡ್‌ಫೋನನ್ನು ಸುಮ್ಮನೆ ಅತ್ತೆಗೆ ಹಾಕಿದಳು. ಅತ್ತೆ ಕಣ್ಣು ಮುಚ್ಚಿದರು. ಆಮೇಲೆ ಕಣ್ಣಲ್ಲಿ ನೀರು. ದೇವರನಾಮದ ಹಿಂದಿನ ತಂಬೂರಿಯೂ ಕೇಳಿಸುತ್ತಿದೆ ಎಂದರು. ನಿಜ ಹೇಳುತ್ತೇನೆ, ನನಗೂ ವಾರಗಿತ್ತಿಯ ಮೇಲೆ ಪ್ರೀತಿ ಉಕ್ಕಿತು. ಅದು ಸಂಜೆಯವರೆಗೆ ಹಾಗೇ ಇರುತ್ತಿತ್ತೋ ಏನೋ. ಅಷ್ಟರಲ್ಲಿ ಅತ್ತೆ ಕಾಂಪೌಂಡಿನ ಹತ್ತಿರ ಹೋಗಿ ಪಕ್ಕದ ಮನೆಯವರಿಗೆ ಸುದ್ದಿ ಹೇಳಿದರು. ಕಿವಿ ಮಂದವಾದವರ ಗುಟ್ಟು ಮೂರು ಬೀದಿಗೆ ಕೇಳುತ್ತದೆ.

"ಚಿಕ್ಕವಳು ಬಂಗಾರ ಕಣ್ರೀ. ಎಷ್ಟು ಮೆತ್ತಗೆ ಕೇಳ್ಸಿದ್ಲು. ದೊಡ್ಡವಳದ್ದು ಬರೀ ಕಿರುಚಾಟ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಬಂತು, ಆದರೆ ಚಿಕ್ಕ ಸೊಸೆಗೆ.

ಅರೆಕೆರೆಯಲ್ಲಿ ನಿಂತದ್ದು

ಬನ್ನೇರುಘಟ್ಟ ರಸ್ತೆಯ ಗದ್ದಲದಲ್ಲಿ ಆ ಹೆಡ್‌ಫೋನಿನ ಹಾಡು ಕೇಳುವುದಿಲ್ಲವಂತೆ. ಅದಕ್ಕೆ ವಾರಗಿತ್ತಿ ಕಿವಿಗೆ ಸ್ಪಂಜಿನ ಬೆಣೆ ಜಡಿದುಕೊಂಡು ಬಂದಳು. ಕಿವಿ ತೆರೆದಿರಲಿ ಎಂದು ಒಂದು ಸಾಮಾನು, ಆ ಕಿವಿ ಮುಚ್ಚಲು ಇನ್ನೊಂದು. ಫುಟ್‌ಪಾತ್ ಬಿಟ್ಟು ಇಳಿಯಬೇಡ ಎಂದು ಹೇಳಿದೆ. ತಲೆಯಾಡಿಸಿದಳು. ಕೇಳಿಸಿ ಆಡಿಸಿದಳೋ, ಹಾಡಿಗೆ ಆಡಿಸಿದಳೋ.

ನಾವು ಬಿಳೇಕಹಳ್ಳಿ ದಾಟಿ, ಅರೆಕೆರೆ ಮುಟ್ಟಿ ಹಿಂದಿರುಗುವುದು ರೂಢಿ. ಅರೆಕೆರೆಯಲ್ಲಿ ನಾನು ಜೋರಾಗಿ ವಿಷಲ್ ಊದಿದೆ. ಎಲ್ಲರೂ ತಿರುಗಿದರು. ಮುಂದಿದ್ದ ವಾರಗಿತ್ತಿ ಮಾತ್ರ ಓಡಿಯೇ ಓಡಿದಳು. ನಾನು ಮತ್ತೆ ಊದಿದೆ, ಇನ್ನೂ ಜೋರಾಗಿ ಊದಿದೆ. ಅವಳು ಹುಳಿಮಾವಿನ ಕಡೆ ಮರೆಯಾದಳು.

ನಾವು ಪಾರ್ಕಿಗೆ ಮರಳಿ ಅರ್ಧ ಗಂಟೆಯಾದ ಮೇಲೆ ಅವಳು ಬಂದಳು. ಶಿಸ್ತಿನ ಬಗ್ಗೆ ನಾಲ್ಕು ಮಾತು ಹೇಳಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಹೆಂಗಸರೆಲ್ಲ ಚಪ್ಪಾಳೆ ತಟ್ಟಿ, ಎಂಥ ಸ್ಟ್ಯಾಮಿನಾ ಎಂದರು. ಅಲ್ಲೇ ಒಬ್ಬರಿಗೆ ಹೊಳೆಯಿತು: ಮುಂದಿನ ಭಾನುವಾರ ಪಂದ್ಯ ಇಡೋಣ, ಗೆದ್ದವರ ಕೊರಳಿಗೆ ವಿಷಲ್. ನಾನು ನಗುನಗುತ್ತಾ ಒಪ್ಪಿಕೊಂಡೆ. ಆ ನಗು ನನಗೆ ಎಷ್ಟು ದುಬಾರಿಯಾಯಿತೋ ನನಗೇ ಗೊತ್ತು.

ಅಂದು ಅರೆಕೆರೆಯಲ್ಲಿ ನನ್ನ ವಿಷಲ್ ಕೇಳಿ ನಿಂತದ್ದು ಒಂದು ಸಿಟಿ ಬಸ್ಸು ಮಾತ್ರ. ಕಂಡಕ್ಟರೇ ಊದಿದ ಎಂದು ಡ್ರೈವರ್ ರಸ್ತೆ ಮಧ್ಯೆ ನಿಲ್ಲಿಸಿಬಿಟ್ಟಿದ್ದ. ಕಂಡಕ್ಟರ್ ಬಾಗಿಲಿಂದ ಬಗ್ಗಿ, "ಮೇಡಂ, ಹತ್ತೋದಾದ್ರೆ ಹತ್ತಿ, ಇಲ್ಲಾಂದ್ರೆ ನನ್ನ ಕೆಲಸ ನನಗೆ ಬಿಡಿ" ಎಂದ.

ಹಿಂದೆ ಬಂದವಳು

ಅವಳ ಓಟದ ಗುಟ್ಟೆಲ್ಲ ಆ ಹೆಡ್‌ಫೋನಿನಲ್ಲೇ ಇದೆ ಎಂದು ತೀರ್ಮಾನಿಸಿದೆ. ನಾನೂ ಅಂಥದ್ದೇ ಒಂದನ್ನು, ಬೆಣೆ ಸಮೇತ, ಗುಟ್ಟಾಗಿ ತರಿಸಿ ಶಾಲೆಯ ಬ್ಯಾಗಿನಲ್ಲಿ ಬಚ್ಚಿಟ್ಟೆ. ಬಚ್ಚಿಡುವ ಗಡಿಬಿಡಿಯಲ್ಲಿ ಚಾರ್ಜ್ ಮಾಡುವುದು ಮರೆತೆ.

ಭಾನುವಾರ ನೋಡಿದರೆ ವಾರಗಿತ್ತಿ ಬರಿಗಿವಿಯಲ್ಲಿ ಬಂದಿದ್ದಳು. ಅತ್ತೆಗೆ ಭಜನೆ ಕೇಳಬೇಕಿತ್ತಂತೆ, ಕೊಟ್ಟು ಬಂದಳಂತೆ. ಪಂದ್ಯದ ದಿನವೂ ಒಳ್ಳೆಯವಳಾಗಿ ಸಾಯುತ್ತಾಳಲ್ಲ ಎನ್ನಿಸಿತು. ನಾನು ಬೆಣೆ ಒತ್ತಿ, ಹಾಡು ಹಚ್ಚಿ ಓಡಿದೆ.

ಅರೆಕೆರೆಯಲ್ಲಿ ತಿರುಗುವಾಗ ಅವಳು ನನಗಿಂತ ಹತ್ತೇ ಹೆಜ್ಜೆ ಹಿಂದಿದ್ದಳು. ಅದೇ ಹೊತ್ತಿಗೆ ನನ್ನ ಹಾಡು ಸತ್ತಿತು. ಸತ್ತದ್ದೇ ತಡ, ಧಪ್ ಧಪ್ ಧಪ್ ಎಂದು ಹೆಜ್ಜೆ ಸಪ್ಪಳ, ನನ್ನ ಬೆನ್ನಿಗೇ. ಹುಸ್ಸ್ ಹುಸ್ಸ್ ಎಂದು ಏದುಸಿರು, ನನ್ನ ಕುತ್ತಿಗೆಯ ಮೇಲೇ. ನಾನು ಜೋರು ಮಾಡಿದೆ, ಅವಳೂ ಜೋರು ಮಾಡಿದಳು. ಸುಸ್ತಾಗಿ ನಿಧಾನಿಸಿದೆ, ಅವಳೂ ನಿಧಾನಿಸಿದಳು. ಅಣಕಿಸುತ್ತಿದ್ದಾಳೆ ಎಂದು ಮೈಯೆಲ್ಲ ಉರಿಯಿತು. ತಿರುಗಿ ನೋಡುವಂತಿಲ್ಲ. ಓಡುವಾಗ ಹಿಂದೆ ನೋಡಬೇಡಿ ಎಂದು ಶಾಲೆಯಲ್ಲಿ ದಿನಾ ಹೇಳುವವಳೇ ನಾನು. ನಲವತ್ತಾರು ವರ್ಷದಲ್ಲಿ ಎಂದೂ ಓಡದ ಹಾಗೆ ಓಡಿ ಪಾರ್ಕಿನ ಗೇಟು ಹಿಡಿದುಕೊಂಡು ನಿಂತು, ಆಗ ತಿರುಗಿದೆ.

ರಸ್ತೆಯಲ್ಲಿ ಒಂದು ಹಾಲಿನ ಗಾಡಿ ಬಿಟ್ಟರೆ ಯಾರೂ ಇರಲಿಲ್ಲ. ಹೆಜ್ಜೆ ಸಪ್ಪಳ ನಿಂತಿತ್ತು, ಏದುಸಿರು ಮಾತ್ರ ಇನ್ನೂ ಕೇಳುತ್ತಿತ್ತು. ಬೆಣೆ ತೆಗೆದೆ. ಅದೂ ಹೋಯಿತು.

ಎಷ್ಟೋ ಹೊತ್ತಿಗೆ, ಉಳಿದವರೆಲ್ಲ ಬಂದ ಮೇಲೆ, ವಾರಗಿತ್ತಿ ಕುಂಟುತ್ತಾ ಬಂದಳು. ವಾಪಸ್ ಬರುವಾಗ ಬಿಳೇಕಹಳ್ಳಿಯಲ್ಲೇ ಕಾಲು ಹಿಡಿದುಕೊಂಡಿತ್ತಂತೆ. ನನ್ನ ಕೈಯಲ್ಲಿದ್ದ ಬೆಣೆಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

"ಹಿಂದೆ ಯಾರೋ ಬಂದ ಹಾಗಾಯ್ತಾ ಅಕ್ಕ? ಅದು ನಮ್ದೇ ಹೆಜ್ಜೆ, ನಮ್ದೇ ಉಸಿರು. ಕಿವಿ ಮುಚ್ಚಿದ್ರೆ ಒಳಗಿಂದ ಹಂಗೇ ಕೇಳ್ಸುತ್ತೆ. ನಂಗೂ ಮೊದಲ ದಿನ ಹಂಗೇ ಆಯ್ತು. ಹಿಂದೆ ನೀವೇ ಬರ್ತಿದ್ದೀರ, ನನ್ನ ದಾಟಿಬಿಡ್ತೀರ ಅಂತ ಹೆದರಿ, ಅರೆಕೆರೆಲಿ ನಿಲ್ಲದೇ ಹುಳಿಮಾವುವರ್ಗೂ ಓಡ್ಬಿಟ್ಟೆ."

ವಿಷಲ್ ನನ್ನ ಕೊರಳಲ್ಲೇ ಉಳಿಯಿತು. ಅವಳೂ ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಾಳೆ ಎಂದು ತಿಳಿದು ಮನಸ್ಸಿಗೆ ಎಂಥದೋ ತಂಪೂ ಆಯಿತು. ರಾತ್ರಿ ಊಟ ಮಾಡುವಾಗ ಯೋಚಿಸಿದೆ. ಅವಳಿಗೆ ಹೆದರಿ ನಾನು ಓಡಿದ್ದು ಅರೆಕೆರೆಯಿಂದ ಪಾರ್ಕಿನವರೆಗೆ. ನನಗೆ ಹೆದರಿ ಅವಳು ಓಡಿದ್ದು ಹುಳಿಮಾವಿಗೆ ಹೋಗಿ, ಅಲ್ಲಿಂದ ವಾಪಸ್ ಪಾರ್ಕಿನವರೆಗೆ.

ಹೊಟ್ಟೆಕಿಚ್ಚಿನಲ್ಲೂ ಅವಳೇ ಮುಂದೆ.