ಬುಡು ಅನ್ನಬಾರದ ಕಸುಬು

ಮರದ ಮೇಲೆ ಕೂತವನಿಗೆ ಕೆಳಗಿನವರ ನೆತ್ತಿ ಕಾಣುತ್ತದೆ, ಅದರೊಳಗೆ ಏನಿದೆ ಅನ್ನುವುದು ಕಾಣುವುದಿಲ್ಲ. ಹಾಗಾಗಿ ನಮ್ಮ ಕಸುಬಿನಲ್ಲಿ ಒಂದಲ್ಲ ಒಂದು ಎಡವಟ್ಟು ಇದ್ದದ್ದೇ.

ನನ್ನ ಕೆಲಸ ಮರ ಇಳಿಸುವುದು. ಮರ ಕಡಿಯುವವನು ಅಂದರೆ ನನಗೆ ಸಿಟ್ಟು ಬರುತ್ತದೆ. ಹೊಲದ ನಡುವಿನ ಮರವನ್ನು ಯಾರು ಬೇಕಾದರೂ ಕಡಿಯಬಹುದು. ಬುಡಕ್ಕೆ ಗರಗಸ ಹಾಕಿ, 'ಸರ್ಕಳ್ರಪ್ಪೋ' ಅಂತ ಕೂಗಿ ಓಡಿದರೆ ಆಯಿತು. ಮರ ಮನೆ ಮೇಲೋ ಕರೆಂಟ್ ತಂತಿ ಮೇಲೋ ಬಾಗಿದಾಗ ಮಾತ್ರ ಕೊಳ್ಳೇಗಾಲ, ಹನೂರು, ಯಳಂದೂರಿನ ಜನಕ್ಕೆ ನನ್ನ ನೆನಪಾಗುತ್ತದೆ. ನಾನು ಸೊಂಟಕ್ಕೆ ಬೆಲ್ಟ್ ಬಿಗಿದು ಹತ್ತಿ, ಮೇಲಿನ ಗಟ್ಟಿ ಕವಲಿಗೆ ರಾಟೆ ಕಟ್ಟುತ್ತೇನೆ. ಕೊಯ್ಯಬೇಕಾದ ಕೊಂಬೆಗೆ ಹಗ್ಗ ಕಟ್ಟಿ, ರಾಟೆಯ ಮೇಲೆ ಹಾಯಿಸಿ, ಮರದ ಬುಡಕ್ಕೆ ಬಿಗಿದ ಕಬ್ಬಿಣದ ಉರುಳೆಗೆ ಮೂರು ಸುತ್ತು ಸುತ್ತಿಸುತ್ತೇನೆ. ಆ ಮೂರು ಸುತ್ತಿನ ಹಿಡಿತ ಇದ್ದರೆ ಕ್ವಿಂಟಾಲ್ ತೂಕದ ಕೊಂಬೆಯನ್ನೂ ಕೆಳಗೆ ನಿಂತ ಒಬ್ಬನೇ ಆಳು ಹೂವಿನ ಬುಟ್ಟಿ ಇಳಿಸಿದ ಹಾಗೆ ಇಳಿಸಬಹುದು.

ಆ ಒಬ್ಬ ಆಳು ನನ್ನ ಬಾಮೈದ, ನನ್ನ ಹೆಂಡತಿಯ ಒಬ್ಬನೇ ತಮ್ಮ. ವಯಸ್ಸು ಮೂವತ್ತೆರಡು. ಒಳ್ಳೆಯ ಮೈಕಟ್ಟು, ಯಾವ ಚಟವೂ ಇಲ್ಲ, ಹೇಳಿದ್ದನ್ನು ಹೇಳಿದ ತಕ್ಷಣ ಮಾಡುತ್ತಾನೆ. ತೊಂದರೆ ಇರುವುದೇ ಅಲ್ಲಿ. ಅವನಿಗೆ ಹೆಣ್ಣು ಹುಡುಕಿ ಹುಡುಕಿ ಸಾಕಾಗಿತ್ತು. ಹುಡುಗ ಏನು ಮಾಡುತ್ತಾನೆ ಅಂತ ಕೇಳಿದವರಿಗೆ 'ಅಗ್ಗ ಇಡ್ಕತಾನೆ' ಅಂದರೆ, 'ಅಸ ಎಷ್ಟವೆ?' ಅಂತ ಕೇಳುತ್ತಿದ್ದರು. ನನ್ನ ಹೆಂಡತಿ ಒಂದು ದಿನ ಮುದ್ದೆ ಬಡಿಸುತ್ತಾ ಹೇಳಿಯೇಬಿಟ್ಟಳು: 'ನಿಮ್ ಅಗ್ಗದಿಂದ್ಲೇ ನನ್ ತಮ್ಮಂಗೆ ಎಣ್ಣು ಸಿಗ್ತಿಲ್ಲ. ಅವ್ನ ಮದ್ವೆ ಆಗಗಂಟ ನಿಮ್ಗೆ ದಿನಾ ಉಪ್ಸಾರೇ ಗತಿ.'

ಜಗಳ ಬಿಟ್ಟಿದ್ದು

ಕೊಳ್ಳೇಗಾಲದಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರ ಮನೆ. ಅಂಗಳದ ಹೊಂಗೆಮರದ ತೊಡೆಗಾತ್ರದ ಕೊಂಬೆಯೊಂದನ್ನು ಕೊಯ್ದು ಹಗ್ಗದಲ್ಲಿ ತೂಗುಬಿಟ್ಟಿದ್ದೆ. ಕೆಳಗೆ ಮಂಚದ ಮೇಲೆ ಮೇಷ್ಟ್ರ ಹೆಂಡತಿ ಸಂಡಿಗೆ ಒಣಹಾಕಿದ್ದರು. ಎತ್ತಿಡಿ ಅಂತ ಎರಡು ಸಲ ಹೇಳಿದ್ದಕ್ಕೆ, 'ಇನ್ನೊಂದ್ ಗಳ್ಗೆ ಬಿಸ್ಲು ಕಾಯ್ಲಿ' ಅಂದಿದ್ದರು. ಸರಿ, ಕೊಂಬೆಯನ್ನೇ ಮಂಚದಿಂದ ಆಚೆಗೆ ಎಳೆದುಕೊಳ್ಳೋಣ ಅಂತ ನಾನು ಇನ್ನೊಂದು ಹಗ್ಗ ಬಿಚ್ಚುತ್ತಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯ ಯಜಮಾನ ಕಾಂಪೌಂಡಿನ ಮೇಲೆ ಕತ್ತು ಚಾಚಿ, ಗರಗಸದ ಪುಡಿಯೆಲ್ಲ ತನ್ನ ಬಿಳಿ ಪಂಚೆ ಮೇಲೆ ಬೀಳುತ್ತಿದೆ ಅಂತ ಜಗಳ ತೆಗೆದ. ಮಾತಿಗೆ ಮಾತು ಬೆಳೆಯಿತು. ಹೊಂಗೆಮರದಿಂದ ಶುರುವಾದದ್ದು ಹಳೆಯ ಚರಂಡಿ ವಿಷಯಕ್ಕೆ ಹೋಯಿತು. ಕೊನೆಗೆ ಮೇಷ್ಟ್ರು ದೊಡ್ಡ ಮನಸ್ಸು ಮಾಡಿ ಕೈ ಬೀಸಿ, 'ಓಗ್ಲಿ, ಬುಡಪ್ಪಾ ಬುಡು!' ಅಂದರು.

ನಮ್ಮ ಸೀಮೆಯಲ್ಲಿ ಬುಡು ಅನ್ನದೆ ಯಾರೂ ಎರಡು ಮಾತು ಆಡುವುದಿಲ್ಲ. ಆಯ್ತು ಬುಡು, ಬತ್ತೀನಿ ಬುಡು, ಉಣ್ಣು ಬುಡು. ಆದರೆ ಉರುಳೆಯ ಪಕ್ಕ ನಿಂತ ನನ್ನ ಬಾಮೈದನ ಕಿವಿಗೆ ಅದು ಆರ್ಡರು. ಬಿಟ್ಟ. ಕೊಂಬೆ ಮಂಚದ ಮೇಲೆ ಕೂತಿತು, ಮಂಚ ನಾಲ್ಕು ಕಾಲೂ ಚಾಚಿ ಮಲಗಿತು.

ಮೇಷ್ಟ್ರು ಸಂಡಿಗೆಯ ಪುಡಿ ನೋಡಿದರು, ಆಮೇಲೆ ಬಾಮೈದನನ್ನು ನೋಡಿದರು. 'ಲೇ ಪುಣ್ಯಾತ್ಮ, ನಾ ಬುಡು ಅಂದುದ್ದು ಜಗಳವ ಕಣ್ಲಾ, ಮರವ ಅಲ್ಲ!'

ಪಕ್ಕದ ಮನೆಯವನು ಪಂಚೆ ಕೊಡವಿಕೊಂಡು ಸಮಾಧಾನ ಹೇಳಿದ: 'ಓಗ್ಲಿ ಬುಡಿ ಸಾ, ನಿಮ್ ಸಂಡ್ಗೆ ನೋಡಿ ನಂದೂ ಸಿಟ್ಟು ಇಳೀತು.'

ಯಳಂದೂರಿನಲ್ಲಿ ಇಂಗ್ಲಿಷ್

ಅವತ್ತಿನಿಂದ ಬುಡು ಅನ್ನುವ ಮಾತನ್ನು ರದ್ದು ಮಾಡಿದೆ. ಅದರ ಬದಲು ಏನು ಕೂಗುವುದು? ಬಾಮೈದನೇ ದಾರಿ ತೋರಿಸಿದ. ಫೋನಿನಲ್ಲಿ ಹೊರದೇಶದವರು ಮರ ಇಳಿಸುವ ವಿಡಿಯೋ ನೋಡಿದ್ದನಂತೆ. 'ಬಾವ, ನಮ್ ಕಡೆಯೋರು ಯಾರೂ ಆಡ್ದೇ ಇರೋ ಮಾತು ಬೇಕು. ಇಂಗ್ಲೀಸ್ನಲ್ಲಿ ಲೋಯರ್ ಅನ್ನಿ, ಇಳುಸ್ತೀನಿ' ಅಂದ.

ಒಂದು ವಾರ ಚೆನ್ನಾಗಿಯೇ ನಡೆಯಿತು. ನನಗೂ ಒಂದು ಗತ್ತು ಬಂತು. ಎಂಟನೆಯ ದಿನ ಯಳಂದೂರಿನಲ್ಲಿ ಒಂದು ಮಾವಿನಮರ ಸಿಕ್ಕಿತು. ಮರದ ಯಜಮಾನರು ವಕೀಲರು.

ಕೊಂಬೆ ಹಗ್ಗದ ಮೇಲಿತ್ತು. ಯಾರೂ ಬರಬಾರದು ಅಂತ ಗೇಟಿಗೆ ಅಡ್ಡ ಹಗ್ಗ ಕಟ್ಟಿದ್ದೆವು. ಕಕ್ಷಿದಾರನೊಬ್ಬ ಕಂಕುಳಲ್ಲಿ ಕಾಗದದ ಕಟ್ಟು ಇಟ್ಟುಕೊಂಡು, ಆ ಹಗ್ಗದ ಕೆಳಗೇ ನುಸುಳಿ ಒಳಗೆ ಬಂದು, 'ಲಾಯ್ರೇ!' ಅಂತ ಕೂಗಿದ. ಬಾಮೈದ ಹಗ್ಗ ಸಡಿಲಿಸಿದ. 'ಲಾಯ್ರೇ, ಲಾಯ್ರೇ!' ಕೊಂಬೆ ಇನ್ನೂ ಇಳಿಯಿತು. ನಾನು ಮೇಲಿನಿಂದ 'ತಡೀಲಾ!' ಅಂತ ಅರಚಿದಾಗ, ಕಕ್ಷಿದಾರನಿಂದ ಎರಡು ಅಡಿ ದೂರದಲ್ಲಿ, ಅವನ ಎದೆಮಟ್ಟಕ್ಕೆ ಕೊಂಬೆ ನಿಂತಿತು.

ಗಲಾಟೆ ಕೇಳಿ ವಕೀಲರು ಹೊರಗೆ ಬಂದರು. ಕಕ್ಷಿದಾರ ಎಲೆಗಳನ್ನು ಸರಿಸಿ, ಸಂದಿಯಲ್ಲಿ ಮುಖ ತೋರಿಸಿ, ನೊಂದ ದನಿಯಲ್ಲಿ ಕೇಳಿದ: 'ಇವತ್ತು ಪುರ್ಸೊತ್ತಿಲ್ಲ ಅಂತ ಬಾಯಲ್ಲಿ ಯೇಳಿದ್ರೆ ಓಯ್ತಿದ್ದೆ ಸಾ. ಮರ ಯಾಕ್ ಬುಟ್ರಿ?'

ಸೀಟಿ

ಮಾತಿನ ಸಹವಾಸವೇ ಬೇಡ ಅಂತ ಒಂದು ಸೀಟಿ ಕೊಂಡು ತಂದೆ. ಒಂದು ಸಲ ಊದಿದರೆ ತಡೆ, ಎರಡು ಸಲ ಊದಿದರೆ ಇಳಿಸು. ಇಷ್ಟು ಸುಲಭದ ಉಪಾಯ ಮೊದಲೇ ಹೊಳೆಯಲಿಲ್ಲವಲ್ಲ ಅಂತ ನನ್ನನ್ನು ನಾನೇ ಬೈದುಕೊಂಡೆ.

ಕಾಮಗೆರೆಯಲ್ಲಿ ಟೀ ಅಂಗಡಿಯ ಹಿಂದೆ ಒಣಗಿದ ಬೇವಿನಮರ. ಅಂಗಡಿಯ ಮುಂದೆ ಹನೂರಿಗೆ ಹೋಗುವ ಬಸ್ಸು ಬಂದು ನಿಂತಿತು. ಕಂಡಕ್ಟರ್ ಇಳಿದು ಟೀ ತೆಗೆದುಕೊಂಡ. ಡ್ರೈವರ್ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೂತಿದ್ದ. ನಾನು ಕೊಂಬೆ ಕೊಯ್ದು ಎರಡು ಸಲ ಸೀಟಿ ಊದಿದೆ. ಬಾಮೈದ ಇಳಿಸತೊಡಗಿದ. ಬಸ್ಸೂ ಹೊರಟಿತು.

ಕಂಡಕ್ಟರ್ ಗ್ಲಾಸು ಹಿಡಿದುಕೊಂಡೇ ಓಡಿದ. ಅಯ್ಯೋ ಪಾಪ ಅಂತ ನಾನು ಒಂದು ಸಲ ಊದಿದೆ. ಬಸ್ಸು ನಿಂತಿತು. ಬಾಮೈದನೂ ನಿಂತ. ಕೊಂಬೆ ಅಂಗಡಿಯ ತಗಡಿನ ಅಂಚಿಗೆ ಒಂದೇ ಗೇಣು ದೂರದಲ್ಲಿ ನೇತಾಡತೊಡಗಿತು. ಅಂಗಡಿಯವನು ತಲೆ ಮೇಲೆ ಕೈ ಹೊತ್ತು, 'ಅಲ್ಲಿ ನಿಲ್ಲುಸ್ಬ್ಯಾಡ ಕಣಪ್ಪೋ, ಗಾಳಿ ಬಂದ್ರೆ ನನ್ ಅಂಗ್ಡಿ ಓಯ್ತದೆ, ಆಚೆಗಿಳ್ಸು!' ಅಂತ ಬೊಬ್ಬೆ ಹಾಕಿದ. ಗಾಬರಿಯಲ್ಲಿ ನಾನು ಮತ್ತೆ ಎರಡು ಸಲ ಊದಿದೆ. ಕೊಂಬೆ ತಗಡನ್ನು ತಪ್ಪಿಸಿ ಅಚ್ಚುಕಟ್ಟಾಗಿ ಇಳಿಯಿತು. ಅಷ್ಟರಲ್ಲಿ ಬಸ್ಸಿನ ಬಾಗಿಲಿನ ಕಂಬಿಗೆ ಕೈ ಹಾಕಿದ್ದ ಕಂಡಕ್ಟರನ ಕೈಯಿಂದ ಬಸ್ಸು ಮತ್ತೆ ಜಾರಿತು.

ಡ್ರೈವರ್ ಕನ್ನಡಿಯಲ್ಲಿ ನೋಡಿ ಬ್ರೇಕ್ ಒತ್ತಿದ. ಕಿಟಕಿಯಿಂದ ಅಜ್ಜಿಯೊಬ್ಬಳು ತಲೆ ಹೊರಗೆ ಹಾಕಿ, ಏದುಸಿರು ಬಿಡುತ್ತಾ ಬರುತ್ತಿದ್ದ ಕಂಡಕ್ಟರನನ್ನು ನೋಡಿ, ಒಳಕ್ಕೆ ತಿರುಗಿ ಹೇಳಿದಳು: 'ನೀ ನಡ್ಯಪ್ಪ ಡ್ರೈವ್ರಪ್ಪ. ನಮ್ಗೆಲ್ಲ ಫ್ರೀ ಅಲ್ವಾ? ಕಂಡಕ್ಟ್ರು ಯಾಕೆ!'

ಬಂಡಳ್ಳಿಯ ಹುಣಸೆಮರ

ಆ ಬಸ್ಸಿನಲ್ಲಿ ನನ್ನ ಬಾಮೈದನಿಗೆ ಹೆಚ್ಚುಕಮ್ಮಿ ನಿಶ್ಚಯವಾಗಿದ್ದ ಹುಡುಗಿಯ ಸೋದರಮಾವ ಕೂತು ಇದನ್ನೆಲ್ಲ ನೋಡಿದ್ದ. ಬಸ್ಸು ಹನೂರು ಮುಟ್ಟುವ ಮೊದಲೇ ಫೋನಿನಲ್ಲಿ ಸಂಬಂಧ ಮುರಿಯಿತು. ಬಾಮೈದ ಹಗ್ಗ ಸುತ್ತಿಟ್ಟು, ಊಟ ಬೇಡ ಅಂತ ಮಲಗಿದ. ತಪ್ಪೆಲ್ಲ ನನ್ನದೇ ಆಗಿತ್ತು.

ಹೆಂಡತಿ ಬಿಡಲಿಲ್ಲ. ತಿಂಗಳೊಳಗೆ ಬಂಡಳ್ಳಿಯಲ್ಲಿ ಇನ್ನೊಂದು ಹೆಣ್ಣು ಹುಡುಕಿದಳು. ಹುಡುಗಿ ಅಂಗನವಾಡಿ ಟೀಚರು. ಒಂದು ಸಲ ದನಿ ಎತ್ತಿದರೆ ಇಪ್ಪತ್ತು ಮಕ್ಕಳು ಚಾಪೆ ಮೇಲೆ ಸಾಲಾಗಿ ಕೂರುತ್ತವಂತೆ. ಅವರ ಹೆಂಚಿನ ಮನೆಯ ಮೇಲೆ ಟೊಳ್ಳು ಬಿದ್ದ ಹುಣಸೆಮರವೊಂದು ಬಾಗಿತ್ತು. ಹುಡುಗಿಯ ಅಪ್ಪ ಲೆಕ್ಕಾಚಾರದ ಮನುಷ್ಯ. 'ಬಂದು ಮರ ಇಳ್ಸಿಕೊಡ್ಲಿ, ಉಡ್ಗನ್ನೂ ನೋಡ್ದಂಗಾಯ್ತದೆ. ಒಂದ್ ಎಂಚು ಒಡುದ್ರೂ ಸಂಬಂದ ಇಲ್ಲ' ಅಂದಿದ್ದರು. ಹೊರಡುವಾಗ ನನ್ನ ಹೆಂಡತಿ, 'ಇದೂ ತಪ್ಪೋದ್ರೆ ನೀವು ಮನೆಗ್ ಬರ್ಬ್ಯಾಡಿ, ಮರದ್ ಮೇಲೇ ಗೂಡು ಕಟ್ಕಳಿ' ಅಂದಳು.

ಹತ್ತುವ ಮುಂಚೆ ಬಾಮೈದನ ಭುಜ ಹಿಡಿದು ಹೇಳಿದೆ: 'ಲೇ, ಇವತ್ತು ಇಂಗ್ಲೀಸೂ ಇಲ್ಲ, ಸೀಟಿನೂ ಇಲ್ಲ. ದೇವ್ರೇ ಬಂದು ಬುಡು ಅಂದ್ರೂ ಬುಡ್ಬ್ಯಾಡ. ಮೇಲಿರೋರ ಮಾತು ಮಾತ್ರ ಕೇಳು.' ಅವನು ತಲೆಯಾಡಿಸಿದ.

ಎಲ್ಲಕ್ಕಿಂತ ದೊಡ್ಡ ಕೊಂಬೆಯನ್ನು ಕೊಯ್ದೆ. ಅದು ಹೆಂಚಿನ ಮೇಲೆ ಮೊಳದೆತ್ತರದಲ್ಲಿ ತೂಗುತ್ತಿತ್ತು. ಸರಿಯಾಗಿ ಆಗಲೇ ಹುಡುಗಿ ಕಾಫಿ ಲೋಟ ಹಿಡಿದು ಹೊರಗೆ ಬಂದಳು. ಹಿಂದೆಯೇ ಅಪ್ಪ ಬಂದರು. ಇಬ್ಬರೂ ನಾವು ಕಟ್ಟಿದ್ದ ಅಡ್ಡ ಹಗ್ಗದ ಆಚೆ ನಿಂತರು.

'ಸಾಕು ಬುಡಪ್ಪ, ಕಾಫಿ ಕುಡಿ' ಅಂದರು ಅಪ್ಪ.

ನಾನು ಮರವನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದೆ. ಏನೂ ಬೀಳಲಿಲ್ಲ. ಕಣ್ಣು ಬಿಟ್ಟರೆ ಬಾಮೈದ ಎರಡೂ ಕೈಯಲ್ಲಿ ಹಗ್ಗ ಹಿಡಿದು ಕಲ್ಲಿನ ಹಾಗೆ ನಿಂತಿದ್ದಾನೆ.

'ಬುಡಾಕಾಗಲ್ಲ' ಅಂದ.

'ನಮ್ ಮನೆಗ್ ಬಂದು ಕಾಫಿ ಬ್ಯಾಡ ಅಂತೀಯಾ? ನಾನ್ ಯೇಳ್ತಿವ್ನಿ, ಬುಡು!' ಅಪ್ಪನ ದನಿ ಏರಿತು.

'ನೀವ್ ಯೇಳುದ್ರೂ ಬುಡಾಕಿಲ್ಲ.'

ಮೇಲೆ ನನ್ನ ಪಾಡು ಯಾರಿಗೂ ಬೇಡ. ಕಾಫಿ ತಗೊಳ್ಳೋ ಅಂದರೆ ಅವನು ತಕ್ಷಣ ಕೈ ಚಾಚುತ್ತಾನೆ, ಹೆಂಚು ಹೋಗುತ್ತದೆ. ಸುಮ್ಮನಿದ್ದರೆ ಸಂಬಂಧ ಹೋಗುತ್ತದೆ. ಕೊನೆಗೆ ಸಣ್ಣ ದನಿಯಲ್ಲಿ 'ಮೆಲ್ಲುಗೆ ಇಳ್ಸು' ಅಂದೆ. ಅವನು ಕಾಫಿ ಕಡೆಗೂ ಹುಡುಗಿ ಕಡೆಗೂ ನೋಡದೆ ಗೇಣು ಗೇಣಾಗಿ ಹಗ್ಗ ಸಡಿಲಿಸಿದ. ನಾನು ಇನ್ನೊಂದು ಹಗ್ಗದಲ್ಲಿ ಆಚೆಗೆ ಎಳೆದ ಹಾಗೆ ಕೊಂಬೆ ಹೆಂಚಿನ ಅಂಚು ದಾಟಿ, ಒಂದು ಎಲೆಯನ್ನೂ ತಾಗಿಸದೆ ಅಂಗಳದಲ್ಲಿ ಮಲಗಿತು. ಕಾಫಿ ಅಷ್ಟೊತ್ತಿಗೆ ಆರಿ ತಣ್ಣಗಾಗಿತ್ತು.

ಅಪ್ಪ ಹೆಂಚು ನೋಡಿದರು, ಹುಡುಗನನ್ನು ನೋಡಿದರು, ಮೀಸೆ ಸವರಿಕೊಂಡರು. 'ಮಾವನಾಗೋನು ಗದರುದ್ರೂ ಬುಡ್ನಿಲ್ವಲ್ಲ! ಇಂಥೋನು ಕೈ ಇಡುದ್ರೆ ಸಾಯಗಂಟ ಬುಡಾಕಿಲ್ಲ. ನಂಗೊಪ್ಗೆ. ನೀ ಏನಂದೀಯವ್ವ?'

ನನಗೆ ಮೇಲಿನಿಂದಲೇ ಕೈ ಮುಗಿಯುವಷ್ಟು ಸಂತೋಷವಾಯಿತು. ಆದರೆ ಹುಡುಗಿ ಬಾಮೈದನನ್ನೇ ನೇರವಾಗಿ ಕೇಳಿದಳು: 'ಅಪ್ಪನ್ ಮಾತು ಕೇಳ್ನಿಲ್ಲ, ಸರಿ. ಮದ್ವೆ ಆದ್ಮೇಲೆ ಯಾರ್ ಮಾತು ಕೇಳೀರಿ?'

ನನ್ನ ಬಾಮೈದನಿಗೆ ಅವತ್ತು ಗೊತ್ತಿದ್ದದ್ದು ಒಂದೇ ಪಾಠ. ಹಗ್ಗದಿಂದ ಕಣ್ಣು ತೆಗೆಯದೆ ಒಪ್ಪಿಸಿದ: 'ಮೇಲಿರೋರ ಮಾತು ಮಾತ್ರ.'

ಹುಡುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯೆತ್ತಿ, ಮಕ್ಕಳನ್ನು ಕೂರಿಸುವ ಅದೇ ದನಿಯಲ್ಲಿ ನನಗೆ ಹೇಳಿದಳು:

'ಅಂಗಾದ್ರೆ ಅಣ್ಣಾ, ನೀವಿನ್ನು ಕೆಳಕ್ಕಿಳೀರಿ.'