ಹಳದಿ ಬೊಟ್ಟಿನ ಗ್ಯಾರಂಟಿ

ಮಡಕೆ ಕೊಳ್ಳುವ ಮೊದಲು ಬೆರಳ ಗೆಣ್ಣಿನಿಂದ ಬಡಿದು ನೋಡುವವರು, ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುವವರು, ಬೆಂಡೆಕಾಯಿಯ ತುದಿ ಮುರಿದು ನೋಡಿ ಅಂಗಡಿಯವನಿಂದ ಬೈಸಿಕೊಳ್ಳುವವರು, ಇಂಥವರನ್ನು ಕಂಡರೆ ನನಗೆ ಬಹಳ ಗೌರವ. ಅನುಮಾನವನ್ನು ಜನ ಸುಮ್ಮನೆ ರೋಗ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಸಂಸ್ಕಾರ. ಹೆಸರಘಟ್ಟದ ಕಡೆಯಿಂದ ಸೈಕಲ್ಲಿನಲ್ಲಿ ಹಾಲು ತರುತ್ತಿದ್ದವನ ಎದುರಿಗೇ ನಮ್ಮಪ್ಪ ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಹಾಲು ಬಿಟ್ಟು, ಅದು ನಿಲ್ಲುತ್ತದೋ ಜಾರುತ್ತದೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. "ಇಂಗೆ ದಿನಾ ನೋಡುದ್ರೆ ಎಮ್ಮೆಗೂ ಬೇಜಾರಾಯ್ತದೆ ಬುದ್ಧೀ" ಎಂದು ಅವನು ಒಮ್ಮೆ ಹೇಳಿದ. ಎಮ್ಮೆಯ ಮೇಲೆ ತಮಗೆ ಯಾವ ಅನುಮಾನವೂ ಇಲ್ಲವೆಂದು ಅಪ್ಪ ಸಮಾಧಾನ ಹೇಳಿ ಕಳಿಸಿದರು. ಇಂಥ ತಂದೆಯ ಮಗನಾಗಿ ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಹೊಸ ಬೈಕು ಕೊಂಡೆ ಎಂದರೆ, ಮುಂದಿನದನ್ನು ನೀವು ಊಹಿಸಬಹುದು.

ಜಪಾನಿನವರ ಜೊತೆ ಸೇರಿ ಮಾಡಿದ ಸಣ್ಣ ಎಂಜಿನ್ನಿನ ಬೈಕುಗಳು ಬೆಂಗಳೂರಿನ ರಸ್ತೆಗೆ ಆಗಷ್ಟೇ ಬರತೊಡಗಿದ್ದ ಕಾಲ ಅದು. ಟ್ಯಾಂಕಿನ ಮೇಲೆ ಓರೆಯಾಗಿ ಎರಡು ಕೆಂಪು ಪಟ್ಟೆ ಎಳೆದು, ಷೋರೂಮಿನವರು ಅದನ್ನು ಸ್ಪೋರ್ಟ್ಸ್ ಬೈಕು ಎಂದು ಕರೆಯುತ್ತಿದ್ದರು. ನನಗೆ ಆಗಲೇ ನಲವತ್ತು ದಾಟಿತ್ತು. ಸ್ಪೋರ್ಟ್ಸ್ ಎಂದು ನಾನು ಆಡಿದ್ದು ಆಫೀಸಿನ ಊಟದ ವೇಳೆಯ ಕೇರಮ್ಮು ಮಾತ್ರ. ಆದರೂ ಆ ಪಟ್ಟೆಗಳನ್ನು ನೋಡಿದ ದಿನವೇ ಮನಸ್ಸು ಸೋತುಹೋಯಿತು. ಮನೆಯಲ್ಲಿ ಮಾತ್ರ ಪಟ್ಟೆಯ ಸುದ್ದಿ ಎತ್ತಲಿಲ್ಲ. ಯಲಹಂಕದ ನಿನ್ನ ತವರಿಗೆ ಹೋಗಲು ಇನ್ನು ಬಸ್ ಸ್ಟಾಪಿನಲ್ಲಿ ಕಾಯಬೇಕಾಗಿಲ್ಲ, ನಾನೇ ಕೂರಿಸಿಕೊಂಡು ಹೋಗುತ್ತೇನೆ ಎಂದು ಹೆಂಡತಿ ವಿಮಲಳಿಗೆ ಮಾತು ಕೊಟ್ಟೆ. ಅವಳು ನನ್ನನ್ನು ನಂಬಿದಳು. ಅವಳ ತಂದೆ ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುವವರಾಗಿರಲಿಲ್ಲ.

ಬೈಕು ಬರುವ ದಿನ ಆಫೀಸಿನಲ್ಲಿ ಆಡಿಟ್ಟು. ರಜ ಸಿಗಲಿಲ್ಲ. ವಿಧಿಯಿಲ್ಲದೆ ಡೆಲಿವರಿ ತರಲು ವಿಮಲಳ ತಮ್ಮ ನಾಗೇಶನನ್ನು ಕಳಿಸಿದೆ. ನಾಗೇಶ ಒಳ್ಳೆಯ ಹುಡುಗ ಎಂದು ಎಲ್ಲರೂ ಹೇಳುತ್ತಾರೆ, ನನಗೆ ಅವನ ಮೇಲೆ ಅನುಮಾನ ಹುಟ್ಟಿದ್ದೇ ಅದರಿಂದ. ಷೋರೂಮಿನಿಂದ ಆರ್.ಟಿ. ನಗರದ ನಮ್ಮ ಮನೆಗೆ ಎಷ್ಟು ನಿಧಾನವಾಗಿ ಬಂದರೂ ಅರ್ಧ ಗಂಟೆಯ ದಾರಿ. ಬೆಳಿಗ್ಗೆ ಹೋದ ಭಾವಮೈದ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಯಲಹಂಕಕ್ಕೆ ಹೋಗಿ ಅಮ್ಮನಿಗೆ ತೋರಿಸಿ, ಪೂಜೆ ಮಾಡಿಸಿಕೊಂಡು ಬಂದೆ ಎಂದ. ಅಷ್ಟು ಹೊತ್ತಿನಲ್ಲಿ ಮನಸ್ಸು ಮಾಡಿದರೆ ಒಂದು ಎಂಜಿನ್ನನ್ನೇ ಬದಲಾಯಿಸಬಹುದು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಷೋರೂಮಿನವರು ಹೇಳಿ ಕಳಿಸಿದ ಮುಖ್ಯವಾದ ಮಾತನ್ನು ಅವನು ಹೊರಡುವ ಮುಂಚೆ ಒಪ್ಪಿಸಿದ. "ಭಾವ, ನಟ್ಟು ಬೋಲ್ಟಿನ ಮೇಲೆಲ್ಲ ಹಳದಿ ಪೇಂಟಿನ ಬೊಟ್ಟಿಟ್ಟಿದ್ದಾರೆ. ಹೊರಗಿನೋರು ಸ್ಪ್ಯಾನರ್ ಹಾಕಿದ್ರೆ ಬೊಟ್ಟು ಒಡೆಯುತ್ತೆ. ಬೊಟ್ಟು ಒಡೆದ್ರೆ ಗ್ಯಾರಂಟಿ ಹೋಯ್ತು ಅಂತ."

ಅಲ್ಲಿಂದ ನನ್ನ ದಿನಚರಿಯೇ ಬದಲಾಯಿತು. ಬೆಳಗಿನ ಕಾಫಿಯ ಲೋಟ ಹಿಡಿದು ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬೊಟ್ಟುಗಳನ್ನು ಒಂದೊಂದಾಗಿ ಪರೀಕ್ಷಿಸುವುದು. ಇದರಲ್ಲಿ ವಿಮಲ ಒಂದು ತೊಡಕು ತಂದಿಟ್ಟಳು. ಶುಕ್ರವಾರ ಬಂತೆಂದರೆ ಅವಳು ಬೈಕಿಗೂ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಕಂಪನಿಯ ಹಳದಿ ಯಾವುದು, ಲಕ್ಷ್ಮಿಯ ಹಳದಿ ಯಾವುದು ಎಂದು ನನಗೆ ತಿಳಿಯದೆ ಹೋಯಿತು. ಒದ್ದೆ ಬಟ್ಟೆಯಿಂದ ಒರೆಸಿ ನೋಡಿದೆ. ಹೋದದ್ದು ಲಕ್ಷ್ಮಿಯದು, ಉಳಿದದ್ದು ಕಂಪನಿಯದು. ಶುಕ್ರವಾರ ಸಂಜೆ ಹಚ್ಚಿದ್ದನ್ನು ಶನಿವಾರ ಬೆಳಿಗ್ಗೆ ಒರೆಸುವ ಗಂಡನ ಬಗ್ಗೆ ಅವಳು ಏನಂದುಕೊಂಡಳೋ ಕೇಳಲು ಧೈರ್ಯ ಬರಲಿಲ್ಲ.

ಗ್ಯಾರಂಟಿ ಕಾಯುವುದೊಂದು ಕಡೆ, ಸ್ಪೋರ್ಟ್ಸಿನ ಆಸೆ ಇನ್ನೊಂದು ಕಡೆ. ನಮ್ಮ ರಸ್ತೆಯ ಕೊನೆಯ ಗ್ಯಾರೇಜಿನವನು ಹ್ಯಾಂಡಲ್ ತಗ್ಗಿಸಿ ಸೈಲೆನ್ಸರ್ ಎತ್ತಿ ಕೊಡುತ್ತೇನೆಂದು ಕಂಡಾಗಲೆಲ್ಲ ಕರೆಯುತ್ತಿದ್ದ. ಅವನ ನಗುವೇ ನನಗೆ ಸರಿಬೀಳಲಿಲ್ಲ. ಒಂದೇ ಒಂದು ನಟ್ಟನ್ನೂ ಮುಟ್ಟದೆ ಬೈಕನ್ನು ಬದಲಾಯಿಸುವ ದಾರಿಯೊಂದನ್ನು ನಾನೇ ಕಂಡುಹಿಡಿದೆ. ಎಲ್ಲವನ್ನೂ ಕಟ್ಟುವುದು. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಹ್ಯಾಂಡಲ್ಲಿಗೆ ಬಣ್ಣದ ಕುಚ್ಚು, ಅದರ ಪಕ್ಕದಲ್ಲಿ ದುಂಡು ಕನ್ನಡಿ, ಒತ್ತಿದರೆ ಬಾತುಕೋಳಿಯ ಹಾಗೆ ಕೂಗುವ ರಬ್ಬರ್ ಹಾರ್ನು, ಎಲ್ಲವನ್ನೂ ಬಿಗಿದು ಕಟ್ಟಿದೆ. ಸರ್ವಿಸ್ಸಿನ ದಿನ ಬಿಚ್ಚಿಬಿಟ್ಟರೆ ಬೈಕು ಹುಟ್ಟಿದ ಹಾಗೇ ಇರುತ್ತದೆ. ಜಪಾನಿನವರ ತಲೆಗೂ ಇದು ಹೊಳೆದಿರಲಾರದು ಎಂದು ನನಗೆ ಹೆಮ್ಮೆಯಾಯಿತು. ದೂರದಿಂದ ಬೈಕು ಆಸ್ಪತ್ರೆಯಿಂದ ಬಂದ ಹಾಗೆ ಕಾಣುತ್ತದೆ ಎಂದಳು ವಿಮಲ.

ಅದೇ ದಿನಗಳಲ್ಲಿ ಎದುರುಮನೆಯ ಇಮ್ತಿಯಾಜ್ ಕೂಡ ಬೈಕು ತಂದ. ಅಣ್ಣನ ಜೊತೆ ಟಿಂಬರ್ ಅಂಗಡಿ ನೋಡಿಕೊಳ್ಳುತ್ತಿದ್ದ, ಇನ್ನೂ ಮದುವೆಯಾಗದ ಹುಡುಗ. ನನ್ನದೇ ಕಂಪನಿ, ನನ್ನದೇ ಬಣ್ಣ, ಅವೇ ಕೆಂಪು ಪಟ್ಟೆಗಳು. ಆದರೂ ಅವನ ಬೈಕು ಜಿಂಕೆಯ ಹಾಗೆ ತೆಳ್ಳಗೆ ಕಾಣುತ್ತಿತ್ತು, ನನ್ನದು ಮಾತ್ರ ಸೊಂಟದಲ್ಲಿ ದಪ್ಪ. ಬೇಲಿಯ ಈಚೆ ನಿಂತು ಎರಡನ್ನೂ ಹೋಲಿಸಿ ನೋಡಿದಾಗ ಗುಟ್ಟು ಬಯಲಾಯಿತು. ನನ್ನ ಬೈಕಿನ ಹಿಂಚಕ್ರದ ಎಡಕ್ಕೆ ಕಬ್ಬಿಣದ ಸರಳುಗಳ ಒಂದು ಸೀರೆ ಗಾರ್ಡ್ ಇತ್ತು, ಹಿಂದೆ ಕೂತ ಹೆಂಗಸರ ಸೆರಗು ಚಕ್ರಕ್ಕೆ ಸಿಕ್ಕದಿರಲಿ ಎಂದು. ಇಮ್ತಿಯಾಜನ ಬೈಕಿಗೆ ಅದು ಇರಲಿಲ್ಲ. ಅಂದರೆ ಅದು ಕಂಪನಿಯದಲ್ಲ. ನಾಗೇಶ ಅಕ್ಕನ ಮೇಲಿನ ಪ್ರೀತಿಗೆ ಡೆಲಿವರಿಯ ದಿನ ಎಲ್ಲೋ ಹಾಕಿಸಿದ್ದಾನೆ. ಪೂಜೆ ಎಂದು ಹೇಳಿ ಕಳೆದ ಹೊತ್ತಿಗೆ ಈಗ ಲೆಕ್ಕ ಸಿಕ್ಕಿತು. ಗಾರ್ಡಿನ ಬೋಲ್ಟುಗಳ ಮೇಲೂ ಹಳದಿ ಬೊಟ್ಟು ಇತ್ತು ನಿಜ. ಅದೇ ನನ್ನ ಅನುಮಾನವನ್ನು ಗಟ್ಟಿ ಮಾಡಿತು. ಇಂಥ ಕೆಲಸ ಮಾಡಿದವನು ಬೊಟ್ಟಿಡದೆ ಬಿಡುತ್ತಾನೆಯೇ? ಹೊರಗಿನವರು ಹಾಕಿದ ಈ ಗಾರ್ಡು ಸರ್ವಿಸ್ಸಿನವರ ಕಣ್ಣಿಗೆ ಬಿದ್ದರೆ ನನ್ನ ಗ್ಯಾರಂಟಿ ಹೋದ ಹಾಗೆಯೇ.

ಇಮ್ತಿಯಾಜನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಅವನಿಗೆ ನನ್ನ ಮೇಲೆ ಅನುಮಾನ ಬಂದೀತೆಂದು ಕೇಳಲಿಲ್ಲ. ನಲ್ಲಿ ರಿಪೇರಿಗೆ ಇಟ್ಟುಕೊಂಡಿದ್ದ ಸ್ಪ್ಯಾನರ್ ತಂದು, ಬಾಗಿಲು ಮುಂದೆ ಮಾಡಿಕೊಂಡು, ಗಾರ್ಡನ್ನು ಬಿಚ್ಚಿಯೇಬಿಟ್ಟೆ. ತೂತು ಖಾಲಿ ಕಾಣಬಾರದೆಂದು ಬೋಲ್ಟುಗಳನ್ನು ಮತ್ತೆ ತಿರುಗಿಸಿ ಹಾಕಿದೆ. ಬೈಕು ತನ್ನ ಅಸಲು ರೂಪಕ್ಕೆ ಬಂತು. ಅಸಲು ರೂಪವೇ ಹೆಚ್ಚು ಸ್ಪೋರ್ಟ್ಸಾಗಿಯೂ ಕಂಡದ್ದು ನನ್ನ ಪುಣ್ಯವೆಂದುಕೊಂಡೆ. ನಾಗೇಶನ ಕಣ್ಣಿಗೆ ಬೀಳದಿರಲೆಂದು ಗಾರ್ಡನ್ನು ಆವತ್ತೇ ಗುಜರಿಯವನಿಗೆ ಹಾಕಿದೆ. ಅವನ ತಕ್ಕಡಿ ಸರಿಯಿದೆಯೇ ಎಂದು ಎರಡೂ ತಟ್ಟೆ ಅದಲು ಬದಲು ಮಾಡಿಸಿ ನೋಡಿದೆ.

ಭಾನುವಾರ ಯಲಹಂಕಕ್ಕೆ ಹೊರಟ ವಿಮಲ ಬೈಕಿನ ಹತ್ತಿರ ಬಂದವಳು ನಿಂತುಬಿಟ್ಟಳು. ಗಾರ್ಡ್ ಎಲ್ಲಿ ಎಂದು ಕೇಳಿದಳು. ಗ್ಯಾರಂಟಿಯ ವಿಷಯವನ್ನು ನಾನು ಆದಿಯಿಂದ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಸೀರೆ ಚಕ್ರಕ್ಕೆ ಸಿಕ್ಕಿದ್ರೆ ನಂಗೆ ಗ್ಯಾರಂಟಿ ಯಾರ್ ಕೊಡ್ತಾರೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಸ್ ಸ್ಟಾಪಿನ ಕಡೆ ನಡೆದಳು. ಹೆಂಡತಿಯನ್ನು ಒಬ್ಬಳನ್ನೇ ಕಳಿಸುವ ಮನುಷ್ಯ ನಾನಲ್ಲ. ಬಸ್ಸಿನ ಹಿಂದೆಯೇ ಬೈಕಿನಲ್ಲಿ ಹೊರಟೆ. ಹೆಬ್ಬಾಳದ ಕೆರೆ ದಾಟಿ, ದ್ರಾಕ್ಷಿ ತೋಟಗಳನ್ನು ದಾಟಿ, ಬಸ್ಸು ನಿಂತಲ್ಲೆಲ್ಲ ನಿಂತು, ಅದರ ಹೊಗೆಯನ್ನೆಲ್ಲ ಕುಡಿಯುತ್ತ ಹೋದೆ. ಕೊನೆಗೆ ಕಂಡಕ್ಟರಿಗೆ ಅನುಮಾನ ಬಂದು, "ಯಾರಮ್ಮಾ ಅದು, ಆವಾಗ್ಲಿಂದ ಹಿಂದೇನೇ ಬರ್ತಾವ್ನೆ?" ಎಂದು ವಿಮಲಳನ್ನೇ ಕೇಳಿದನಂತೆ. ಗೊತ್ತಿಲ್ಲ ಎಂದಳಂತೆ. ಇದನ್ನು ತವರುಮನೆಯಲ್ಲಿ ಎಲ್ಲರ ಮುಂದೆ ಅವಳೇ ಹೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಬರುವಾಗ ಬಸ್ಸಿನ ಕಿಟಕಿಯಲ್ಲಿ ಅವಳು ಒಮ್ಮೆಯೂ ತಿರುಗಿ ನೋಡದೆ ಕೂತಿದ್ದಳು. ನಾನು ಕೊಟ್ಟ ಮಾತು ಈಗ ಟಿಕೆಟ್ ತೆಗೆದುಕೊಂಡು ಬಸ್ಸಿನಲ್ಲಿ ಹೋಗುತ್ತಿತ್ತು.

ಈ ಸಂಕಟದ ಮೇಲೆ ಇನ್ನೊಂದು ಶುರುವಾಯಿತು. ಬೈಕು ವೇಗ ಹಿಡಿದರೆ ಸಾಕು, ಕಟಕಟ ಕಟಕಟ ಎಂದು ಸದ್ದು. ಎಂಜಿನ್ನೇ ಎಂದು ನನಗೆ ಖಾತ್ರಿಯಾಯಿತು. ಗಾರ್ಡ್ ಹಾಕಿಸಿದವನು ಒಳಗೆ ಇನ್ನೇನು ಮಾಡಿಸಿದ್ದಾನೋ. ಪುಣ್ಯಕ್ಕೆ ಗ್ಯಾರಂಟಿ ಇದೆ, ಅಸಲು ರೂಪದ ಬೈಕೂ ಇದೆ. ಫ್ರೀ ಸರ್ವಿಸ್ಸಿನ ಹಿಂದಿನ ಸಂಜೆ ಕುಚ್ಚು, ಕನ್ನಡಿ, ಬಾತುಕೋಳಿ ಎಲ್ಲವನ್ನೂ ಬಿಚ್ಚಿ, ಟ್ಯೂಬಿನ ಗುರುತನ್ನು ಸೀಮೆಎಣ್ಣೆಯಿಂದ ಒರೆಸಿದೆ. ನಾಗೇಶನನ್ನೂ ಜೊತೆಗೆ ಬರಹೇಳಿದೆ. ಡೆಲಿವರಿ ತಂದವನು ನೀನೇ, ಪರಿಚಯವಿರುತ್ತದೆ ಎಂದೆ. ಎಂಜಿನ್ ಬಿಚ್ಚಿದಾಗ ಅವನ ಮುಖ ನೋಡುವುದು ನನ್ನ ಒಳ ಉದ್ದೇಶವಾಗಿತ್ತು.

ಸರ್ವಿಸ್ ಸೂಪರ್‌ವೈಸರ್ ಮಾತು ಕಡಿಮೆಯ ಮನುಷ್ಯ. ಸದ್ದಿನ ವಿಷಯ ಹೇಳಿದೆ. ಅವರು ಎಂಜಿನ್ನಿನ ಕಡೆ ಸುಳಿಯಲೇ ಇಲ್ಲ. ಬೈಕಿನ ಎಡಕ್ಕೆ ಹೋಗಿ, ಬಗ್ಗಿ, ಒಂದು ಬೋಲ್ಟನ್ನು ಬರಿ ಬೆರಳಿನಿಂದ ಅಲ್ಲಾಡಿಸಿದರು. ಕಟಕಟ ಎಂದಿತು. ಅಲ್ಲಿ ಗಾರ್ಡಿನ ಕಾಲು ಇರಬೇಕು, ಅದಿಲ್ಲದೆ ಬೋಲ್ಟಿಗೆ ಹಿಡಿತ ಸಿಕ್ಕಿಲ್ಲ, ಹಾಗಾಗಿ ಕುಣಿಯುತ್ತಿದೆ ಎಂದರು. ಅವರು ಎದ್ದು ನಿಂತು ನನ್ನ ಮುಖವನ್ನೇ ನೋಡಿದರು.

"ಸೀರೆ ಗಾರ್ಡ್ ಕಂಪನಿಯಿಂದಲೇ ಬರುತ್ತೆ ಸಾರ್. ಬೊಟ್ಟು ಒಡೆದಿದೆ. ಬೋಲ್ಟಿನ ಮೂಲೇನೂ ಸವೆದಿದೆ. ಯಾರ್ ಮುಟ್ಟಿದ್ದು?"

ಇಷ್ಟು ದಿನ ನಾನು ಊರಿನವರನ್ನೆಲ್ಲ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಯಾರೋ ನನ್ನನ್ನೇ ಕೇಳುತ್ತಿದ್ದರು. ಗ್ಯಾರಂಟಿ ಹೋಯಿತು, ಮಾನವೂ ಹೋಯಿತು, ಅದೂ ಭಾವಮೈದನ ಎದುರಿಗೆ ಎಂದುಕೊಳ್ಳುವಷ್ಟರಲ್ಲಿ ನಾಗೇಶ ಬಾಯಿ ಹಾಕಿದ.

"ನಾನೇ ಸಾರ್. ತೊಳೆಯೋಕೆ ಅಂತ ಬಿಚ್ಚಿದ್ದೆ, ವಾಪಸ್ ಹಾಕ್ಲಿಲ್ಲ. ಭಾವಂಗೆ ಗೊತ್ತೇ ಇಲ್ಲ."

ಸೂಪರ್‌ವೈಸರ್ ಅವನನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಬೆರಳ ಸಂದಿಯಲ್ಲಿ ಇನ್ನೂ ಹೋಗದೆ ಇದ್ದ ಸೀಮೆಎಣ್ಣೆಯ ಮಸಿಯನ್ನೂ ನೋಡಿರಬೇಕು. ಒಳ್ಳೆಯ ಮನುಷ್ಯ. ಸಂಜೆಯೊಳಗೆ ಗಾರ್ಡ್ ತಂದುಕೊಟ್ಟರೆ ಹಾಕಿ, ಹೊಸ ಬೊಟ್ಟಿಟ್ಟು, ಈ ಸಲಕ್ಕೆ ಬಿಡುತ್ತೇನೆ ಎಂದರು.

ಗಾರ್ಡ್ ಎಲ್ಲಿಂದ ತರುವುದು? ಅದು ಗುಜರಿಯವನ ಜೊತೆ ಎಲ್ಲಿಗೆ ಹೋಯಿತೋ. ಆಟೋದಲ್ಲಿ ಆರ್.ಟಿ. ನಗರಕ್ಕೆ ಬಂದು, ಬೇರೆ ದಾರಿ ಕಾಣದೆ, ಮೊದಲ ಬಾರಿಗೆ ಇಮ್ತಿಯಾಜನ ಬಾಗಿಲು ತಟ್ಟಿದೆ. ವಿಷಯ ಕೇಳಿ ಅವನು ಅಟ್ಟ ಹತ್ತಿದ. ಇಳಿಯುವಾಗ ಕೈಯಲ್ಲಿ ಕಾಗದ ಸುತ್ತಿದ ಸೀರೆ ಗಾರ್ಡ್. ಬೈಕು ಬಂದ ದಿನವೇ ಬಿಚ್ಚಿಸಿ ಅಟ್ಟಕ್ಕೆ ಹಾಕಿದ್ದನಂತೆ. "ಗ್ಯಾರಂಟಿ ಹೋದ್ರೆ ಹೋಗ್ಲಿ ಅಂದೆ ಸಾಬ್. ನನ್ ಹಿಂದೆ ಸೀರೆ ಉಡೋರು ಯಾರ್ ಕೂರ್ತಾರೆ?" ಎಂದು ನಕ್ಕ. ಗುಜರಿಯವನಿಂದ ಹಿಡಿದು ಭಾವಮೈದನವರೆಗೆ ಎಲ್ಲರನ್ನೂ ಅನುಮಾನಿಸಿದ ನಾನು ಇಡೀ ಬೆಂಗಳೂರಿನಲ್ಲಿ ಕಣ್ಣುಮುಚ್ಚಿ ನಂಬಿದ್ದು ಒಂದೇ ಒಂದು ಬೈಕನ್ನು. ಗ್ಯಾರಂಟಿ ಕಳೆದುಕೊಂಡಿದ್ದ ಬೈಕೂ ಅದೊಂದೇ.

ಬೈಕು ವಾಪಸ್ಸು ತರುವಾಗ ನಾಗೇಶ ಹಿಂದೆ ಕೂತಿದ್ದ. ಸದ್ದಿಲ್ಲ, ಕಟಕಟವಿಲ್ಲ. ಅವನು ಯಾಕೆ ಹಾಗೆ ಹೇಳಿದ ಎಂಬುದೇ ದಾರಿಯುದ್ದಕ್ಕೂ ನನ್ನನ್ನು ಕೊರೆಯಿತು. ಭಾನುವಾರಕ್ಕೆ ಬೈಕು ಕೇಳುತ್ತಾನೆ, ಅದಕ್ಕೇ ಈ ಉಪಕಾರ ಎಂದು ಕಾದೆ. ಮನೆ ಬಂತು, ಇಳಿದ, ಕಾಫಿ ಕುಡಿದ, ಬರ್ತೀನಿ ಭಾವ ಎಂದು ಹೊರಟೇ ಹೋದ. ಏನನ್ನೂ ಕೇಳಲಿಲ್ಲ. ಇದು ಇನ್ನೂ ಅನುಮಾನಾಸ್ಪದವಾಗಿತ್ತು. ಆದರೂ ಗೇಟಿನವರೆಗೆ ಹೋಗಿ, ಭಾನುವಾರ ಬೈಕು ಬೇಕಾದರೆ ತೆಗೆದುಕೊಂಡು ಹೋಗು ಎಂದು ನಾನೇ ಹೇಳಿಬಿಟ್ಟೆ. ಬೇಡ ಭಾವ, ಅಕ್ಕನನ್ನು ಕರಕೊಂಡು ಬನ್ನಿ ಎಂದ.

ಭಾನುವಾರ ವಿಮಲ ಮೈಸೂರು ರೇಷ್ಮೆ ಉಟ್ಟು ಹೊರಗೆ ಬಂದಳು. ನಾನು ಬೈಕು ಸ್ಟಾರ್ಟ್ ಮಾಡಿ, ಮುಂದೆ ನೋಡುತ್ತ ಗಂಭೀರವಾಗಿ ಕೂತಿದ್ದೆ. ಅವಳು ಕೂರಲಿಲ್ಲ. ಹಿಂದೆ ಟಣಟಣ ಎಂದು ಸದ್ದು ಕೇಳಿ ತಿರುಗಿದರೆ, ಬೆರಳ ಗೆಣ್ಣಿನಿಂದ ಗಾರ್ಡನ್ನು ಬಡಿದು ನೋಡುತ್ತಿದ್ದಳು.

"ಇದನ್ನ ಹಾಕಿದ್ದು ಯಾರು?" ಎಂದಳು.

"ಕಂಪನಿಯವರು" ಎಂದೆ.

"ಆಮೇಲೆ ನೀವು ಮುಟ್ಟಿಲ್ಲ ತಾನೇ?"

ಇಲ್ಲ, ದೇವರಾಣೆಗೂ ಇಲ್ಲ ಎಂದೆ. ವಿಮಲ ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಹಳದಿ ಬೊಟ್ಟುಗಳನ್ನು ಒಂದೊಂದಾಗಿ ನೋಡಿ ಮುಗಿಸಿ, ಎದ್ದು ಬಂದು ನನ್ನ ಹಿಂದೆ ಕೂತಳು.